ಸಂಬಳ ಅರ್ಧಕ್ಕೆ ಇಳಿದಾಗ ಸಾಲದ ಕಂತುಗಳನ್ನು ಹೊಂದಿಸಿಕೊಂಡ ಬಗೆ

2024ರ ಕೊನೆಯಲ್ಲಿ ನಮ್ಮ ಯಜಮಾನರು ದುಡಿಯುತ್ತಿದ್ದ ತುಮಕೂರಿನ ಕಾರ್ಖಾನೆಯಲ್ಲಿ ಒಂದು ಪಾಳಿಯನ್ನೇ ನಿಲ್ಲಿಸಿದರು. ತಿಂಗಳಿಗೆ 38,000 ರೂಪಾಯಿ ತರುತ್ತಿದ್ದವರು ಬೇರೆ ಕಡೆ 19,000ಕ್ಕೆ ಸೇರಿಕೊಂಡರು. ನನ್ನ ಹೊಲಿಗೆಯಿಂದ ಬರುವ 7,000 ಸೇರಿದರೆ 26,000. ಕಟ್ಟಬೇಕಾದ ಕಂತುಗಳು ಹೀಗಿದ್ದವು: ಮನೆ ಸಾಲಕ್ಕೆ 13,800, ವೈಯಕ್ತಿಕ ಸಾಲಕ್ಕೆ 7,200, ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತ 5,600, ಮಹಿಳಾ ಸಂಘದ ಸಾಲಕ್ಕೆ 2,400. ಒಟ್ಟು 29,000. ಅಕ್ಕಿ, ಬೇಳೆ, ಹಾಲು, ಮಗನ ಶಾಲೆಯ ಖರ್ಚು ಇದಕ್ಕೆ ಇನ್ನೂ ಸೇರಿರಲಿಲ್ಲ.

ಸುದ್ದಿ ಕೇಳಿದ ನೆಂಟರೆಲ್ಲ ಸಾಲ ಸಿಗುವ ದಾರಿಗಳನ್ನೇ ತೋರಿಸಿದರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೊಡುವವರು ಬಡಾವಣೆಯಲ್ಲೇ ಇದ್ದರು. ಮೂರು ರೂಪಾಯಿ ಎಂದರೆ ಕಡಿಮೆ ಅನ್ನಿಸುತ್ತದೆ, ವರ್ಷಕ್ಕೆ ಶೇಕಡಾ 36. ಮೊಬೈಲ್ ಆ್ಯಪ್‌ಗಳು ಐದು ನಿಮಿಷದಲ್ಲಿ ಹಣ ಹಾಕುತ್ತೇವೆ ಎನ್ನುತ್ತಿದ್ದವು. ನನಗೆ ಬೇಕಿದ್ದದ್ದು ಪಕ್ಕದಲ್ಲಿ ಕುಳಿತು ಲೆಕ್ಕ ನೋಡುವ ಒಬ್ಬರು. ಪ್ರತಿ ಜಿಲ್ಲೆಗೂ ಅಲ್ಲಿನ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಒಂದು ಲೀಡ್ ಬ್ಯಾಂಕ್ ಇರುತ್ತದೆ, ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಲ್ಲಿ ಸಾಲದ ಬಗ್ಗೆಯೂ ಉಚಿತವಾಗಿ ಸಲಹೆ ಕೊಡುತ್ತಾರೆ ಎಂದು ಸಂಘದ ಪುಸ್ತಕ ಬರೆಯುವ ಅಕ್ಕ ಹೇಳಿದರು. ಪಾಸ್‌ಬುಕ್, ಸಾಲದ ಪತ್ರಗಳು, ಕಾರ್ಡಿನ ಬಿಲ್ಲುಗಳು, ಮನೆಖರ್ಚಿನ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಅಂಥ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಅಧಿಕಾರಿ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಸಿದರು.

"ನೋಡಮ್ಮ, ಯಾವುದು ನಿಂತರೆ ಮನೆ ಹೋಗುತ್ತದೆ, ಯಾವುದು ನಿಂತರೆ ಬರೀ ಫೋನ್ ಬರುತ್ತದೆ, ಮೊದಲು ಅದನ್ನು ಬೇರೆ ಮಾಡೋಣ" ಎಂದರು.

ಅಲ್ಲಿಯವರೆಗೆ ನಾವು ಯಾರು ಜೋರು ಮಾಡುತ್ತಾರೋ ಅವರಿಗೆ ಮೊದಲು ಕಟ್ಟೋಣ ಎಂದು ಯೋಚಿಸುತ್ತಿದ್ದೆವು. ಮನೆ ಸಾಲ ಕೊಟ್ಟ ಬ್ಯಾಂಕಿನವರು ಜೋರು ಮಾಡುವುದಿಲ್ಲ. ಆದರೆ ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕ, ಅಂದರೆ ಕಂತು ಬರದೆ ನಿಂತ ಸಾಲ ಎಂದು ದಾಖಲಾಗುತ್ತದೆ. ಅದಾದ ಮೇಲೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನಗಳ ನೋಟಿಸ್ ಕೊಟ್ಟು ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ದಾರಿ ಅವರಿಗೆ ತೆರೆಯುತ್ತದೆ. ವೈಯಕ್ತಿಕ ಸಾಲಕ್ಕೂ ಕಾರ್ಡಿಗೂ ಅಂಥ ಅಡಮಾನವಿಲ್ಲ. ಹಾಗಾಗಿ ಮನೆಯ ಕಂತು ಮೊದಲು, ಉಳಿದವು ಆಮೇಲೆ ಎಂದು ತೀರ್ಮಾನಿಸಿದೆವು.

ಮನೆ ಸಾಲದಲ್ಲಿ 11 ಲಕ್ಷ ಬಾಕಿ ಇತ್ತು, ಸುಮಾರು ಹತ್ತು ವರ್ಷದ ಅವಧಿ. ಒಂದು ಕಂತೂ ತಪ್ಪುವ ಮೊದಲೇ ಶಾಖೆಗೆ ಹೋಗಿ, ಆದಾಯ ಇಳಿದಿದೆ, ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡಿ ಎಂದು ಅರ್ಜಿ ಬರೆದುಕೊಟ್ಟೆವು. ಹಳೆಯ, ಹೊಸ ಸಂಬಳದ ಚೀಟಿಗಳನ್ನು ಲಗತ್ತಿಸಿ, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ಮೊಹರಿನ ಬಗ್ಗೆ ಒತ್ತಿ ಹೇಳುತ್ತೇನೆ. ಬಾಯಿಮಾತಿನಲ್ಲಿ "ನೋಡೋಣ" ಎಂದವರೇ ಕಾಗದದ ಮೇಲೆ ದಿನಾಂಕ ಬಿದ್ದ ಮೇಲೆ ಉತ್ತರ ಕೊಡುತ್ತಾರೆ. ಕಂತು ತಪ್ಪದ ಖಾತೆಯಾಗಿದ್ದರಿಂದ ವ್ಯವಸ್ಥಾಪಕರು ಸಮಾಧಾನದಿಂದ ಮಾತನಾಡಿದರು. ಅವಧಿ 16 ವರ್ಷವಾಯಿತು, ಕಂತು 10,830ಕ್ಕೆ ಇಳಿಯಿತು. ಕೊನೆಯವರೆಗೂ ಹೀಗೇ ಕಟ್ಟಿದರೆ ಸುಮಾರು ನಾಲ್ಕು ಲಕ್ಷ ಬಡ್ಡಿ ಹೆಚ್ಚಾಗುತ್ತದೆ ಎಂಬುದನ್ನು ಸಲಹೆಗಾರರು ಮೊದಲೇ ಲೆಕ್ಕ ಹಾಕಿ ತೋರಿಸಿದ್ದರು. ಬದಲಾಗುವ ಬಡ್ಡಿದರದ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ, ಕೈ ಸುಧಾರಿಸಿದಾಗ ಹೆಚ್ಚು ಕಟ್ಟಬಹುದು ಎಂಬ ಧೈರ್ಯದಿಂದ ಒಪ್ಪಿದೆವು.

ಕಾರ್ಡಿನ ಲೆಕ್ಕ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸಿದ್ದು ಬೆಳೆದು 1,12,000 ಆಗಿತ್ತು. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 3,920. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 706 ರೂಪಾಯಿ. ನಾವು ಕಟ್ಟುತ್ತಿದ್ದ 5,600ರಲ್ಲಿ ಅಸಲಿಗೆ ಹೋಗುತ್ತಿದ್ದುದು ಸಾವಿರ ರೂಪಾಯಿಗೂ ಕಡಿಮೆ! ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಅವರೆಲ್ಲ ಒಮ್ಮೆ ಬಿಲ್ಲು ಹಿಡಿದು ಈ ಲೆಕ್ಕ ಮಾಡಬೇಕು ಎಂದು ನನಗೆ ತುಂಬ ಆಸೆ. ಬಾಕಿಯನ್ನೆಲ್ಲ ಕಂತಿಗೆ ಪರಿವರ್ತಿಸಿ, ಕಾರ್ಡನ್ನು ನಿಲ್ಲಿಸಿಬಿಡಿ ಎಂದು ಬ್ಯಾಂಕಿಗೆ ಬರೆದೆವು. ವರ್ಷಕ್ಕೆ ಶೇಕಡಾ 18ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ 4,050ರ ಕಂತು ಸಿಕ್ಕಿತು. ಕಟ್ಟುವುದು ಕಡಿಮೆಯಾಯಿತು, ಮುಗಿಯುವ ದಿನವೂ ಗೊತ್ತಾಯಿತು. "ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿದರೆ ಸಾಕು" ಎಂದು ಫೋನಿನಲ್ಲಿ ಹೇಳಿದವರೂ ಇದ್ದರು. ಹಾಗೆ ಮುಗಿಸಿದ ಸಾಲ, ನಮ್ಮ ಸಾಲಗಳ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ಪೂರ್ತಿ ತೀರಿದ ಸಾಲವೆಂದು ದಾಖಲಾಗುವುದಿಲ್ಲ, ಮುಂದೆ ಮಗನ ಓದಿಗೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಕಂತು ಕಟ್ಟುವ ಶಕ್ತಿ ಇರುವವರೆಗೆ ಆ ದಾರಿ ಬೇಡ ಎಂದು ನಾನೇ ಗಟ್ಟಿಯಾಗಿ ನಿಂತೆ.

ವೈಯಕ್ತಿಕ ಸಾಲ ಕೊಟ್ಟ ಸಂಸ್ಥೆ ಕಂತು ಇಳಿಸಲು ಒಪ್ಪಲಿಲ್ಲ. ಎರಡು ತಿಂಗಳು ಅದನ್ನು ಕಟ್ಟಲಾಗಲಿಲ್ಲ. ವಸೂಲಿಯವರು ರಾತ್ರಿ ಒಂಬತ್ತರ ಮೇಲೆ ನಮ್ಮ ಬಾವನವರಿಗೂ ಫೋನ್ ಮಾಡಿ ಮನೆಯ ವಿಷಯ ಹೇಳತೊಡಗಿದರು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಾಲಗಾರರ ನೆಂಟರಿಷ್ಟರಿಗೆ ಕಿರುಕುಳ ಕೊಡುವುದಕ್ಕೂ ನಿಷೇಧವಿದೆ. ಕರೆ ಬಂದ ದಿನಾಂಕ, ಸಮಯ, ಸಂಖ್ಯೆಗಳನ್ನು ಪಟ್ಟಿ ಮಾಡಿ ಸಂಸ್ಥೆಯ ದೂರು ಅಧಿಕಾರಿಗೆ ಕಳುಹಿಸಿದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಎಂದೂ ಬರೆದೆ. ಅದಕ್ಕೆ ಶುಲ್ಕವಿಲ್ಲ. ರಾತ್ರಿಯ ಕರೆಗಳು ನಿಂತವು.

ಆ ಸಂಸ್ಥೆಯ ವಕೀಲರ ನೋಟಿಸ್ ಬಂದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾಯ್ದೆ ಕೊಟ್ಟ ಹಕ್ಕು ಇದು, ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ಸಹಾಯವಾಣಿಯ ಸಂಖ್ಯೆ 15100. ನಾನು ಸಹ ಅರ್ಜಿದಾರಳಾಗಿದ್ದ ಸಾಲವಾದ್ದರಿಂದ ಪ್ರಾಧಿಕಾರದ ಪ್ಯಾನೆಲ್ ವಕೀಲರು ನನ್ನ ಪರವಾಗಿ ಉತ್ತರ ಬರೆದುಕೊಟ್ಟರು, ಪೂರ್ತಿ ತೀರಿಸುತ್ತೇವೆ, ತಡವಾದದ್ದಕ್ಕೆ ಹಾಕಿದ ದಂಡವನ್ನು ಬಿಡಿ ಎಂದು ಕೇಳಿದರು. ಸಂಸ್ಥೆ ಒಪ್ಪಿತು.

ತೀರಿಸಲು ನನ್ನ ಎರಡು ಬಳೆಗಳನ್ನು ಮಾರಿದೆ. ಅಡವಿಡು, ಮಾರಬೇಡ ಎಂದು ಮನೆಯವರೆಲ್ಲ ಹೇಳಿದರು. ಅಡವಿಟ್ಟರೆ 7,200ರ ಕಂತಿನ ಜಾಗದಲ್ಲಿ 1,200 ರೂಪಾಯಿ ಬಡ್ಡಿ ಬರುತ್ತಿತ್ತು ನಿಜ. ಆದರೆ ಅಸಲು 1,60,000 ಹಾಗೇ ಉಳಿಯುತ್ತಿತ್ತು, ಅದನ್ನು ತೀರಿಸುವ ಆದಾಯ ಕಣ್ಣಳತೆಯಲ್ಲಿ ಇರಲಿಲ್ಲ. ಬಡ್ಡಿ ಕಟ್ಟುತ್ತ ಕಟ್ಟುತ್ತ ಕೊನೆಗೆ ಒಡವೆ ಹರಾಜಿಗೆ ಹೋಗುವುದನ್ನು ನಾನು ನೋಡಿದ್ದೇನೆ. ಚಿನ್ನದ ಬೆಲೆ ಏರಿದ್ದ ಕಾಲವಾಗಿದ್ದರಿಂದ ಎರಡು ಬಳೆಯಲ್ಲೇ ಕೆಲಸ ಮುಗಿಯಿತು.

ಸಂಘದ ಕಂತನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. ನಾನು ನಿಲ್ಲಿಸಿದರೆ ಉಳಿದ ಸದಸ್ಯೆಯರಿಗೆ ಮುಂದಿನ ಸಾಲ ಸಿಗುವುದಿಲ್ಲ, ಅವರೂ ನನ್ನಂಥವರೇ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರು ಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ, ಇನ್ನು ಯಾರೂ ಕಟ್ಟಬೇಕಿಲ್ಲ ಎಂಬ ಮಾತು ಬೀದಿಯಲ್ಲಿ ಹಬ್ಬಿತು. ಬಲವಂತ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಅದರಲ್ಲಿತ್ತು. ಬ್ಯಾಂಕಿನ ಸಾಲವಾಗಲಿ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಯ ಸಾಲವಾಗಲಿ ಅದರಿಂದ ಮನ್ನಾ ಆಗಲಿಲ್ಲ.

ಈಗ ಕಂತುಗಳು ಒಟ್ಟು 17,280. ಉಳಿಯುವ 8,720ರ ಜೊತೆಗೆ ಅತ್ತೆಯ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ, ಕೆಲವೊಮ್ಮೆ ತಡವಾಗಿ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಇಲ್ಲ, ಹೊಲಿದ ಬಟ್ಟೆ ಕೊಡಲು ಹೋಗುವಾಗ ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ. ಬಿಗಿಯಾದ ಸಂಸಾರವೇ, ಆದರೂ ತಿಂಗಳ ಕೊನೆಗೆ ಕೈಗಡ ಕೇಳಿಲ್ಲ.

2025ರ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರವನ್ನು, ಶೇಕಡಾ 6.5ರಿಂದ 5.5ಕ್ಕೆ ಇಳಿಸಿತು. ಮನೆ ಸಾಲದ ಬಡ್ಡಿಯೂ ಇಳಿಯಿತು. ಕಂತು ಇನ್ನಷ್ಟು ಇಳಿಸಲೇ ಎಂದು ಬ್ಯಾಂಕಿನವರು ಕೇಳಿದರು. ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಬರೆದುಕೊಟ್ಟು, ಆ ಅರ್ಜಿಯ ಪ್ರತಿಗೂ ಮೊಹರು ಹಾಕಿಸಿಕೊಂಡು ಬಂದೆ. ಸಂಘದ ಸಾಲ ತೀರಿದ ತಿಂಗಳಿಂದ ಆ 2,400 ರೂಪಾಯಿಯನ್ನು ಕಾರ್ಡಿನ ಬಾಕಿಗೆ ಸೇರಿಸಿ ಕಟ್ಟುವುದೆಂದು ಮನೆಯವರೆಲ್ಲ ಕುಳಿತು ಒಪ್ಪಿದ್ದೇವೆ.