ದಲ್ಲಾಳಿಯ ಮೂಲಕ ಮನೆ ಮಾರುವ ಮುನ್ನ

ಬೆಂಗಳೂರಿನಲ್ಲಿ ಮನೆ ಮಾರಲು ಹೊರಟವರು ಸಾಮಾನ್ಯವಾಗಿ ಮೊದಲು ದಲ್ಲಾಳಿಗೆ ಫೋನ್ ಮಾಡಿ, ಕಾಗದಪತ್ರಗಳನ್ನು ಆಮೇಲೆ ಹುಡುಕುತ್ತಾರೆ. ಇದು ತಿರುಗುಮುರುಗಾಗಬೇಕು. 2024ರ ಅಕ್ಟೋಬರ್‌ನಿಂದ ಇ-ಖಾತಾ (ಸ್ವತ್ತಿನ ಮಾಲೀಕರ ಹೆಸರಿರುವ ಪಾಲಿಕೆಯ ಡಿಜಿಟಲ್ ದಾಖಲೆ) ಇಲ್ಲದೆ ನಗರದ ಸ್ವತ್ತಿನ ನೋಂದಣಿ ಆಗುವುದಿಲ್ಲವಾದ್ದರಿಂದ, ಕ್ರಯಪತ್ರ, ಖಾತೆ ಮತ್ತು ಆಧಾರ್ ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್ ಮುಂದಿದ್ದು, ಇನ್ನೊಂದರಲ್ಲಿ ತಂದೆಯ ಹೆಸರು ಹಿಂದೆ ಸೇರಿರುವುದು ನಮ್ಮಲ್ಲಿ ಮನೆಮನೆಯ ಕಥೆ. ಸ್ವತ್ತಿನ ಮೇಲೆ ನೋಂದಣಿಯಾದ ಸಾಲ, ವಹಿವಾಟುಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದಲೇ ಪಡೆಯಬಹುದು. ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ಮಾಡಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿದಂತೆ ಹಕ್ಕುದಾರರೆಲ್ಲರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಇನ್ನು ದಲ್ಲಾಳಿಯ ವಿಷಯ. ಅವನು ಜಗುಲಿಯ ಮೇಲೆ ಕುಳಿತು, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕೇಳುವ ಪ್ರಶ್ನೆ, 'ನಿಮ್ಮ ಕೈಗೆ ನೆಟ್ ಎಷ್ಟು ಬರಬೇಕು, ಅಷ್ಟು ಹೇಳಿ ಸಾರ್' ಎಂಬುದು. ಉಪಕಾರದ ಮಾತಿನಂತೆ ಕೇಳಿಸುತ್ತದೆ. ನಾನೂ ಒಮ್ಮೆ ಹಾಗೆಯೇ ನಂಬಿದ್ದೆ. ನೀವು 90 ಲಕ್ಷ ಎಂದರೆ ಅವನು ಕೊಳ್ಳುವವರಿಗೆ 98 ಎನ್ನಬಹುದು, ಮೇಲಿನ 8 ಲಕ್ಷ ನಗದಾಗಿ ಅವನ ಕೈ ಸೇರಬಹುದು, ಅದನ್ನು ನೀವೇ ಕಪ್ಪುಹಣವಾಗಿ ಪಡೆದಿರೆಂದು ಕೊಂಡವರು ತಿಳಿದಿರಲೂಬಹುದು. ಶೇಕಡಾ 1ರ ಲೆಕ್ಕದಲ್ಲಾದರೆ 98 ಲಕ್ಷಕ್ಕೂ ಅವನ ಕಮಿಷನ್ 98,000 ರೂಪಾಯಿ ಮಾತ್ರ. ಆದ್ದರಿಂದ ನೆಟ್ ದರಕ್ಕೆ ಒಪ್ಪದೆ, ಮಾರಾಟದ ಬೆಲೆಯ ಮೇಲೆ ಶೇಕಡಾ 1 ಅಥವಾ 2 ಎಂದು ನಿಗದಿ ಮಾಡಿ, ಬೆಲೆಯ ಮಾತುಕತೆಗೆ ಕೊಳ್ಳುವವರ ಎದುರು ನೀವೇ ಕುಳಿತುಕೊಳ್ಳಿ.

ಕಮಿಷನ್ ಎಷ್ಟು, ಯಾವಾಗ ಸಲ್ಲುತ್ತದೆ, ಎಷ್ಟು ತಿಂಗಳವರೆಗೆ ಈ ಒಪ್ಪಂದ, ಬೇರೆ ದಲ್ಲಾಳಿಗೂ ಹೇಳಬಹುದೇ ಎಂಬಿಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಮೂಲಪತ್ರಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ. 'ಪರಿಶೀಲನೆಗಾಗಿ ಮಾತ್ರ' ಎಂದು ಅಡ್ಡಗೀಟೆಳೆದು ಬರೆದ ಜೆರಾಕ್ಸ್ ಪ್ರತಿಯೇ ವಕೀಲರ ಮೊದಲ ನೋಟಕ್ಕೆ ಸಾಕಾಗುತ್ತದೆ. 'ಓಡಾಟಕ್ಕೆ ಅನುಕೂಲ' ಎಂದು ದಲ್ಲಾಳಿಯ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಡುವುದಂತೂ ಬೇಡವೇ ಬೇಡ.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದ್ದು, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ನಿಮಗೆ ಕೊಡುವ ಹಣದಲ್ಲೇ ಶೇಕಡಾ 1ನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಆಗಿ ಕಡಿತ ಮಾಡುತ್ತಾರೆ; ಅದರ ಪ್ರಮಾಣಪತ್ರವನ್ನು ಕೇಳಿ ಪಡೆದುಕೊಳ್ಳಿ. ನೀವು ವಿದೇಶದಲ್ಲಿ ನೆಲೆಸಿದವರಾದರೆ ಕಡಿತದ ನಿಯಮವೇ ಬೇರೆ, ಮೊತ್ತವೂ ಬಹಳ ಹೆಚ್ಚು. ಕರಾರಿಗೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಬೇಕು.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ಬಾಕಿ ಹಣ ಖಾತೆಗೆ ಬಂದಿದೆಯೇ ಅಥವಾ ಬ್ಯಾಂಕಿನ ಡಿಡಿ ಕೈಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ದಲ್ಲಾಳಿಯ ಕಮಿಷನ್ನನ್ನು ನೋಂದಣಿ ಮುಗಿದ ಮೇಲೆಯೇ, ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. ಬೆಸ್ಕಾಂ ಮತ್ತು ಜಲಮಂಡಳಿಯ ಕೊನೆಯ ಬಿಲ್ಲುಗಳನ್ನು ಕಟ್ಟಿ, ಮೀಟರಿನ ಅಂಕಿಯ ಫೋಟೊ ತೆಗೆದಿಟ್ಟುಕೊಂಡು, ಬಳಿಕ ಬೀಗದ ಕೈ ಒಪ್ಪಿಸಿ.