ಫ್ಲಾಪಿಯಲ್ಲಿ ಕಳೆದುಹೋದ ಉದ್ದ ಹೆಸರುಗಳನ್ನು ವಾಪಸ್ ತಂದಿದ್ದು: ನನ್ನ ಅನುಭವ

"ಫೈಲ್ ಸಿಕ್ತಲ್ಲ, ಹೆಸರು ಹೋದ್ರೆ ಹೋಯ್ತು ಬಿಡಿ" ಎಂದು ಶಿವಮೊಗ್ಗದ ನೆಹರೂ ರಸ್ತೆಯ ಗೆಳೆಯರೊಬ್ಬರು ಹೇಳಿದ್ದರು. ಬೆಂಗಳೂರಿನ ಡೇಟಾ ರಿಕವರಿಯವರೊಬ್ಬರು ನಲವತ್ತು ಸಾವಿರ ಕೇಳಿ, ಹೆಸರಿಗೆ ಮಾತ್ರ ಗ್ಯಾರಂಟಿ ಇಲ್ಲ ಎಂದರು. ಈಗ ಸಾಗರದ ನನ್ನ ಅಂಗಡಿಯಲ್ಲೇ ಕೂತು ಸುಮಾರು 2,100 ಫೈಲ್‌ಗಳಿಗೆ ಅವುಗಳ ಪೂರ್ತಿ ಹೆಸರು ಕೊಟ್ಟಿದ್ದೇನೆ.

ಕೆಲಸ ಒಂದು ಅಡಿಕೆ ಮಂಡಿಯದು. 1996ರಿಂದ 2000ದವರೆಗಿನ ದರದ ಲೆಕ್ಕ, ಅರವತ್ತರ ಹತ್ತಿರ ಫ್ಲಾಪಿ. ಆಗಿನ ಗುಮಾಸ್ತರು ವಿಂಡೋಸ್ 95ರಲ್ಲಿ ಎಕ್ಸೆಲ್ ಶೀಟ್ ಮಾಡಿಟ್ಟಿದ್ದರು. ಶೀಟ್ ಒಳಗೆ ತಾರೀಕು, ತೂಕ, ದರ, ಅಷ್ಟೇ. ತಲೆಬರಹ ಇಲ್ಲ. ಅಡಿಕೆಯ ಜಾತಿ ರಾಶಿಯೋ ಬೆಟ್ಟೆಯೋ, ಊರು ಸಾಗರದ್ದೋ ಸೊರಬದ್ದೋ ಎನ್ನುವುದೆಲ್ಲ ಫೈಲ್ ಹೆಸರಲ್ಲೇ ಇತ್ತು. ಹೆಸರು ಹೋದರೆ ಅದು ಸುಮ್ನೆ ಅಂಕಿಗಳ ರಾಶಿ, ಅಲ್ವಾ?

ಹೆಸರು ಹೋಗಿದ್ದು ವಿಂಡೋಸ್ 95ಕ್ಕಿಂತ ಹಿಂದಿನ ಆಪರೇಟಿಂಗ್ ಸಿಸ್ಟಂ ಆದ ಡಾಸ್ 6.22 ಇದ್ದ ಹಳೆಯ ಮೆಷಿನ್ನಿನಲ್ಲಿ. ಅಲ್ಲಿ ಎಂಟು ಅಕ್ಷರ, ಚುಕ್ಕೆ, ಮೂರು ಅಕ್ಷರ, ಅಷ್ಟೇ ಕಾಣುವುದು. ಗುಮಾಸ್ತರು ಇಂಗ್ಲಿಷ್ ಅಕ್ಷರದಲ್ಲಿ 'ರಾಶಿ ದರ 98 ಸಾಗರ' ಎಂದು ಇಟ್ಟ ಹೆಸರಿನ ಮೊದಲ ಆರು ಅಕ್ಷರ ಉಳಿದು, ಅದಕ್ಕೆ ~1 ಅಂಟಿ 'ರಶೀದ್~1' ಎಂದು ಓದುವ ಹಾಗಾಗಿತ್ತು. ಸೊರಬದ್ದು 'ರಶೀದ್~2'. "ಈ ರಶೀದ್ ಯಾರು ಮಾರಾಯ?" ಎಂದು ಯಜಮಾನರು ಕೇಳಿದರಂತೆ. ಅಲ್ಲಿದ್ದ ಹುಡುಗ ಗೊಂದಲ ಬೇಡ ಎಂದು ಎಲ್ಲವನ್ನೂ 1, 2, 3 ಎಂದು ರೀನೇಮ್ ಮಾಡಿಬಿಟ್ಟ.

ಆದರೆ ಡಾಸ್ ಬದಲಿಸಿದ್ದು ಚಿಕ್ಕ ಹೆಸರಿನ ಎಂಟ್ರಿಯನ್ನು, ಅಂದರೆ ಫ್ಲಾಪಿಯ ಫೈಲ್ ಪಟ್ಟಿಯ ಆ ಸಾಲನ್ನು, ಮಾತ್ರ. ಉದ್ದ ಹೆಸರಿನ ಎಂಟ್ರಿಗಳು ಪಟ್ಟಿಯಲ್ಲಿ ಅದರ ಮೇಲೆಯೇ ಕೂತಿರುತ್ತವೆ. ಅವುಗಳ ಆಟ್ರಿಬ್ಯೂಟ್ ಬೈಟ್, ಅಂದರೆ ಎಂಟ್ರಿ ಯಾವ ಬಗೆಯದು ಎಂದು ಹೇಳುವ ಬೈಟ್, ಝೀರೋ-ಎಫ್. ರೀಡ್ ಓನ್ಲಿ, ಹಿಡನ್, ಸಿಸ್ಟಂ, ವಾಲ್ಯೂಮ್ ಲೇಬಲ್ ಎಲ್ಲ ಒಟ್ಟಿಗೆ. ಹಾಗಾಗಿ ಡಾಸ್ ಅದನ್ನು ಫೈಲ್ ಎಂದು ತೋರಿಸುವುದಿಲ್ಲ, ಖಾಲಿ ಜಾಗ ಎಂದು ಮೇಲೆ ಬರೆಯುವುದೂ ಇಲ್ಲ. ಇಪ್ಪತ್ತೈದು ವರ್ಷ ಅವು ಅಲ್ಲೇ ಇದ್ದವು.

ಇದು ಹೊಳೆಯುವ ಮೊದಲು ಏಳು ಫ್ಲಾಪಿ ಹಾಳು ಮಾಡಿದೆ. ಮೊದಲು ಡಿಸ್ಕ್ ರಿಪೇರಿ ಮಾಡುವ ಒಂದು ಪ್ರೋಗ್ರಾಂ ಓಡಿಸಿದೆ. ಅದು ಚಿಕ್ಕ ಹೆಸರಿನ ಜೊತೆ ಹೊಂದಾಣಿಕೆ ಇಲ್ಲದ ಉದ್ದ ಹೆಸರುಗಳನ್ನೆಲ್ಲ ಕಸ ಎಂದು ಗುಡಿಸಿ ಹಾಕಿತು. ಗೊತ್ತಾದಾಗ ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ರೈಟ್ ಪ್ರೊಟೆಕ್ಟ್ ಕಿಂಡಿ ತೆರೆಯದೆ ಒಂದು ಫ್ಲಾಪಿಯನ್ನೂ ಡ್ರೈವಿಗೆ ಹಾಕಿಲ್ಲ. ಮೊದಲು ಇಮೇಜ್, ಅಂದರೆ ಇಡೀ ಫ್ಲಾಪಿಯ ಯಥಾವತ್ ನಕಲು, ಆಮೇಲೆ ಉಳಿದದ್ದು.

ಇನ್ನೊಂದು ಕಾಟ ಬೂಸ್ಟು. ನಮ್ಮ ಮಳೆಗಾಲ ಗೊತ್ತಲ್ಲ. ಆಫೀಸಿನ ಬೀರುವಿನಲ್ಲಿದ್ದ ಫ್ಲಾಪಿಗಳ ಶಟರ್ ಸರಿಸಿದರೆ ಒಳಗೆ ಬಿಳಿ ಬೂಸ್ಟು. ಯಜಮಾನರ ಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ ಇದ್ದ ಪೆಟ್ಟಿಗೆಯವು ಮಾತ್ರ ಮೇಲೆ ಮಸಿ, ಒಳಗೆ ಚೊಕ್ಕ. ಬೂಸ್ಟಿನ ಫ್ಲಾಪಿ ಹಾಕಿ ಎರಡು ಯುಎಸ್‌ಬಿ ಡ್ರೈವ್‌ಗಳ ಹೆಡ್ ಕೆಡಿಸಿಕೊಂಡೆ, ಒಂದೊಂದಕ್ಕೆ ಸಾವಿರದ ಐನೂರರ ಮೇಲೆ. ಮೂರನೆಯದಕ್ಕೆ ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಬೇಕಾಯಿತು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ, ತಾಳ್ಮೆ.

ಫ್ಲಾಪಿಯ ಜಾಗ ಸೆಕ್ಟರ್ ಎಂಬ ಚಿಕ್ಕ ತುಂಡುಗಳಾಗಿರುತ್ತದೆ. ಇಮೇಜ್ ಸಿಕ್ಕ ಮೇಲೆ ನೋಡಬೇಕಾದ್ದು, ಸೊನ್ನೆಯಿಂದ ಎಣಿಸಿದರೆ, 19ನೇ ಸೆಕ್ಟರಿನಿಂದ 14 ಸೆಕ್ಟರ್ ಮಾತ್ರ. 1.44 ಎಂಬಿ ಫ್ಲಾಪಿಯ ರೂಟ್ ಡೈರೆಕ್ಟರಿ, ಅಂದರೆ ಆ ಫೈಲ್ ಪಟ್ಟಿ, ಅಷ್ಟೇ, 224 ಎಂಟ್ರಿ. ಮೊದಲ ಸಲ, ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಎಂಟ್ರಿಗೆ 13 ಅಕ್ಷರ, ಅದೂ ಐದು, ಆರು, ಎರಡು ಎಂದು ಮೂರು ತುಂಡು. ಇಂಗ್ಲಿಷಿನಲ್ಲಿ 'ರಾಶಿ' ಸರಿಯಾಗಿ ಐದಕ್ಷರ, ಆಚೀಚೆ ಜಾಗ ಸೇರಿ 'ದರ' ಆರು, '98' ಎರಡು. ಅಚ್ಚುಕಟ್ಟಾಗಿ ಒಂದೇ ಎಂಟ್ರಿಯಲ್ಲಿ ಕೂತಿತ್ತು! 'ಸಾಗರ' ಅದರ ಮೇಲಿನ ಎಂಟ್ರಿಯಲ್ಲಿ, ಯಾಕೆಂದರೆ ತುಂಡುಗಳು ಹಿಂದುಮುಂದಾಗಿ ಇರುತ್ತವೆ. ಅಂಗಡಿಯಲ್ಲಿ ಒಬ್ಬನೇ ಇದ್ದೆ, ಜೋರಾಗಿ ಕೂಗಿದೆ.

ಗುಮಾಸ್ತರು ಒಂದು ಫ್ಲಾಪಿಗೆ ಎಪ್ಪತ್ತು ಚಿಲ್ಲರೆ ಫೈಲ್ ಮೇಲೆ ಯಾಕೆ ಹಾಕಿರಲಿಲ್ಲ ಎಂಬುದೂ ಆಗಲೇ ತಿಳಿಯಿತು. ಒಂದು ಹೆಸರಿಗೆ ಮೂರು ಎಂಟ್ರಿ ಬೇಕು. 224 ಅಲ್ಲೇ ಮುಗಿಯುತ್ತದೆ, ಜಾಗ ಮಿಕ್ಕಿದ್ದರೂ ಫ್ಲಾಪಿ 'ತುಂಬಿದೆ'.

ಹೆಸರು ಸರಿಯೇ ಎಂದು ನೋಡಲು ಚೆಕ್‌ಸಮ್ ಇದೆ. ಹಳೆಯ ಚಿಕ್ಕ ಹೆಸರಿನ 11 ಬೈಟಿನಿಂದ ಲೆಕ್ಕ ಹಾಕಿದ ಒಂದು ಬೈಟ್. ಉದ್ದ ಹೆಸರಿನಿಂದ ನಾನೇ ಚಿಕ್ಕ ಹೆಸರು ಕಟ್ಟಿ, ~1ರಿಂದ ~9ರವರೆಗೆ ಪೈಥಾನ್ ಪ್ರೋಗ್ರಾಂ ಬರೆದು ಪ್ರಯತ್ನಿಸಿದೆ. ತಾಳೆಯಾದರೆ ಹೆಸರಿನ ತುಂಡುಗಳು ಸರಿಯಾಗಿ ಜೋಡಿಸಿವೆ ಎಂದರ್ಥ. ಆದರೆ ಇರುವುದು 256 ಬೆಲೆ ಮಾತ್ರ, ಒಂಬತ್ತು ಸಲ ಪ್ರಯತ್ನಿಸಿದರೆ ಸುಳ್ಳು ತಾಳೆಯೂ ಆಗುತ್ತದೆ. ಅದಕ್ಕಿಂತ ಕೆಟ್ಟದ್ದು, ಡಾಸ್‌ನಲ್ಲಿ ಒಂದು ಫೈಲ್ ಅಳಿಸಿ ಅದೇ ಜಾಗಕ್ಕೆ ಬೇರೆ ಫೈಲ್ ಬಂದಿದ್ದರೆ ಹಳೆಯ ಹೆಸರು ಹೊಸ ಫೈಲಿಗೆ ಅಂಟಿಕೊಳ್ಳುತ್ತದೆ. ಇದನ್ನು ಬೇರೆ ಮಾಡಿದ ಉಪಾಯವನ್ನು ಪೂರ್ತಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಎಂಟ್ರಿಯಲ್ಲಿರುವ ತಾರೀಕುಗಳನ್ನು, ಎಲ್ಲ ತಾರೀಕುಗಳನ್ನೂ, ಸರಿಯಾಗಿ ನೋಡಿ. ಅಷ್ಟು ಸಾಕು.

ಮಧ್ಯದಲ್ಲಿ ಒಂದು ಆಸೆ ಹುಟ್ಟಿತು, ಹೆಸರುಗಳನ್ನು ಕನ್ನಡದಲ್ಲೇ ಇಟ್ಟರೆ ಹೇಗೆ? ಲಿನಕ್ಸ್‌ನಲ್ಲಿ ಮಿತಿ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ತೀರ್ಥಹಳ್ಳಿ'ಗೇ ದೀರ್ಘ, ಒತ್ತು ಎಲ್ಲ ಸೇರಿ 30 ಬೈಟ್. ಒಟ್ಟು 85 ಚಿಹ್ನೆ ಹಿಡಿಸುತ್ತದೆ, ತೊಂದರೆ ಇಲ್ಲ. ಆದರೆ ನನ್ನ ಹಳೆಯ ಲ್ಯಾಪ್‌ಟಾಪಿನ ಹೋಮ್ ಫೋಲ್ಡರ್ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಎನ್‌ಕ್ರಿಪ್ಟ್ ಆಗಿತ್ತು. ಅಲ್ಲಿ 143 ಬೈಟ್, ಅಂದರೆ 47 ಚಿಹ್ನೆ. ಒಂದು ರಾತ್ರಿಯ ಕಾಪಿ ಅರ್ಧಕ್ಕೆ ನಿಂತಿದ್ದು ಅದರಿಂದಲೇ. ಡಾಸ್ ಹೋದರೂ ಕಾಟ ಹೋಗಲಿಲ್ಲ.

ದುಡ್ಡಿನ ವಿಷಯ. ಹದಿನೆಂಟು ಸಾವಿರಕ್ಕೆ ಒಪ್ಪಿ, ಒಂದು ತಿಂಗಳು ಎಂದಿದ್ದೆ. ಮೂರೂವರೆ ತಿಂಗಳು ಹಿಡಿಯಿತು. ಕೈಯಿಂದ ಆರೂವರೆ ಸಾವಿರ ಹೋಯಿತು. ಬಂದಿದ್ದು ಹದಿನೈದು, ಜೊತೆಗೆ ಒಂದು ಜಾಡಿ ಅಪ್ಪೆಮಿಡಿ ಉಪ್ಪಿನಕಾಯಿ. ಕೂಲಿ ಗಿಟ್ಟಲಿಲ್ಲ. ಆದರೂ ಈ ಕೆಲಸ ಗೊತ್ತಿರುವವರು ನಮ್ಮ ಕಡೆ ನನ್ನ ಬಿಟ್ಟರೆ ಇನ್ನೊಬ್ಬರು ಇರಲಿಕ್ಕಿಲ್ಲ.

ಆ ಏಳು ಫ್ಲಾಪಿಗಳ ಫೈಲ್‌ಗಳನ್ನು ಈಗ ಯಜಮಾನರೇ ಪಕ್ಕ ಕೂತು ದರ ನೋಡಿ ಹೇಳುತ್ತಿದ್ದಾರೆ. ಎಲ್ಲಕ್ಕಿಂತ ಮೇಲಿದ್ದರೆ ಸರಕು, ಅದರ ಕೆಳಗೆ ಬೆಟ್ಟೆ, ಆಮೇಲೆ ರಾಶಿ, ತೀರಾ ಕೆಳಗಿದ್ದರೆ ಗೊರಬಲು. ಜಾತಿ ಸಿಕ್ಕಿದೆ. ಊರು ಇನ್ನೂ ಸಿಕ್ಕಿಲ್ಲ.