ಶುಕ್ರವಾರ ರಾತ್ರಿ ನಿರ್ಧರಿಸಿ ಶನಿವಾರ ಮರುಭೂಮಿ ಸೇರುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಉಪ್ಪಿನ ಬಯಲಿನಲ್ಲಿ ಒಂದು ಬೆಳಿಗ್ಗೆ ನಿಂತವರು ಎರಡು ದಿನ ಕಳೆಯುವಷ್ಟರಲ್ಲಿ 3,031 ಮೀಟರ್ ಎತ್ತರದ ಘಟ್ಟವನ್ನು ಕಾರಿನಲ್ಲೇ ದಾಟಿ, ಅದರ ಮರುದಿನ ಶಾಂತಸಾಗರದ ಅಂಚಿಗೆ ಬಂದು ನಿಲ್ಲಬಹುದು. ಮರುಭೂಮಿ, ಪರ್ವತ, ಕಡಲು ಮೂರೂ ಒಂದೇ ರಾಜ್ಯದೊಳಗೆ ಇರುವುದರಿಂದಲೇ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಶುಕ್ರವಾರದ ಊಟ ಮುಗಿಯುವ ಹೊತ್ತಿಗೆ "ನಾಳೆ ಹೊರಟುಬಿಡೋಣವೇ?" ಎಂಬ ಮಾತು ಏಳುತ್ತದೆ. ನಾನೂ ನನ್ನ ಪತಿಯೂ ಈ ಸುತ್ತನ್ನು ಮೂರು ಸಲ ಮಾಡಿದ್ದೇವೆ, ಮೂರು ಸಲವೂ ಹಿಂದಿನ ರಾತ್ರಿಯಷ್ಟೇ ನಿರ್ಧರಿಸಿದ್ದೇವೆ, ಮತ್ತು ಮೊದಲನೆಯ ಸಲ ನಮ್ಮ ಪ್ರಯಾಣ ನಡುದಾರಿಯಲ್ಲೇ ಕೆಟ್ಟಿತು. ಹಠಾತ್ತಾಗಿ ಹೊರಡುವವರು ಪ್ರತಿ ಗಂಟೆಯ ವೇಳಾಪಟ್ಟಿ ಹಾಕಿಕೊಳ್ಳಬೇಕಿಲ್ಲ. ಆದರೆ ಬೇಕೆಂದಾಗ ದಾರಿಯಲ್ಲಿ ಸಿಗದ ನಾಲ್ಕನ್ನು, ಅಂದರೆ ಪೆಟ್ರೋಲು, ನೀರು, ತೆರೆದಿರುವ ರಸ್ತೆ ಮತ್ತು ಹಗಲಿನ ಬೆಳಕನ್ನು, ಮನೆಯ ಊಟದ ಮೇಜಿನ ಮೇಲೆಯೇ ಲೆಕ್ಕ ಹಾಕಿಕೊಳ್ಳಬೇಕು. ಆರು ದಿನ, ಎರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದ ಈ ಪ್ರಯಾಣವನ್ನು ಆ ಲೆಕ್ಕದಿಂದಲೇ ಇಲ್ಲಿ ವಿವರಿಸಿದ್ದೇನೆ.

ತಿಂಗಳು ಮತ್ತು ದಿಕ್ಕು

ಯಾವ ಶುಕ್ರವಾರ ಬೇಕಾದರೂ ಹೊರಡಬಹುದು ಎಂದು ಭಾವಿಸಬೇಡಿ. ಈ ಸುತ್ತಿನ ಮರುಭೂಮಿಯಾದ ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಜಗತ್ತಿನ ಅಧಿಕೃತ ಗರಿಷ್ಠ ಉಷ್ಣಾಂಶ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಕಾರು ಕೆಟ್ಟರೆ ಅದು ಪ್ರಾಣದ ಪ್ರಶ್ನೆಯಾಗುತ್ತದೆ. ಇನ್ನೊಂದು ಕಡೆ, ಪರ್ವತಗಳನ್ನು ದಾಟಿಸುವ ಟಯೋಗಾ ಪಾಸ್ ರಸ್ತೆಯು ಹಿಮ ಬಿದ್ದೊಡನೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಮುಚ್ಚಿಕೊಂಡು ಮೇ ಕೊನೆಗೋ ಜೂನ್‌ಗೋ ತೆರೆಯುತ್ತದೆ. ಮರುಭೂಮಿ ತಣಿದಿರಬೇಕು, ಘಟ್ಟವೂ ತೆರೆದಿರಬೇಕು ಎಂದರೆ ಉಳಿಯುವುದು ಅಕ್ಟೋಬರ್ ತಿಂಗಳ ಮೊದಲ ಮೂರು ವಾರ ಮಾತ್ರ ಎಂಬುದು ನನ್ನ ಅಭಿಪ್ರಾಯ. ಆಗ ಡೆತ್ ವ್ಯಾಲಿಯ ಮಧ್ಯಾಹ್ನ ನಮ್ಮ ರಾಯಚೂರಿನ ಸಾಧಾರಣ ದಿನದಂತಿರುತ್ತದೆ.

ದಿಕ್ಕಿನ ವಿಷಯದಲ್ಲಿ ಮೊದಲು ಮರುಭೂಮಿ, ಆಮೇಲೆ ಪರ್ವತ, ಕೊನೆಗೆ ಕಡಲು ಎಂಬ ಕ್ರಮವನ್ನು ಬದಲಿಸಬೇಡಿ. ಅತಿ ಉದ್ದನೆಯ ಓಟ ಮರುಭೂಮಿಯದು, ಮೈ ಹೊಸದಾಗಿರುವಾಗಲೇ ಅದು ಮುಗಿಯಬೇಕು. ಕಡಲ ದಾರಿ ಮನೆಗೆ ಹತ್ತಿರವಾದದ್ದು, ದಣಿದವರು ಅದನ್ನು ಮೊಟಕುಗೊಳಿಸಬಹುದು. ಇನ್ನೂ ಒಂದು ಕಾರಣವಿದೆ: ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ, ಕರಾವಳಿಯ ಹೆದ್ದಾರಿ 1ರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸಾಗಿದರೆ ಕಡಲು ನಿಮ್ಮ ಮಗ್ಗುಲಿನಲ್ಲೇ ಇರುತ್ತದೆ ಮತ್ತು ಎದುರಿನ ವಾಹನಗಳನ್ನು ಅಡ್ಡ ದಾಟದೆ ನೋಟದ ತಾಣಗಳಿಗೆ ತಿರುಗಬಹುದು.

ಹೊರಡುವ ರಾತ್ರಿ

ರಾಜ್ಯ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಮತ್ತು ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣಗಳಲ್ಲಿ ಡೆತ್ ವ್ಯಾಲಿಯ ಹೆದ್ದಾರಿ 190, ಟಯೋಗಾ ಪಾಸ್‌ನ 120 ಮತ್ತು ಕರಾವಳಿಯ 1ರ ಸ್ಥಿತಿಯನ್ನು ನೋಡುವುದು ಮೊದಲ ಕೆಲಸ. ಇದನ್ನು ಔಪಚಾರಿಕತೆ ಎಂದು ಬಿಡಬೇಡಿ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಯಿಂದ ರಸ್ತೆಗಳು ಕೊಚ್ಚಿಹೋಗಿ ಡೆತ್ ವ್ಯಾಲಿ ಉದ್ಯಾನವೇ ಸುಮಾರು ಎರಡು ತಿಂಗಳು ಮುಚ್ಚಿತ್ತು. ಬಿಗ್ ಸರ್ ಕರಾವಳಿಯಲ್ಲಿ 2017ರ ಮೇ ತಿಂಗಳಲ್ಲಿ ಕುಸಿದ ಗುಡ್ಡದಿಂದಾಗಿ ಹೆದ್ದಾರಿ 1ರ ಒಂದು ಭಾಗ 2018ರ ಜುಲೈವರೆಗೆ ತೆರೆಯಲಿಲ್ಲ. ಟಯೋಗಾ ರಸ್ತೆ ಹಾದುಹೋಗುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಕೆಲವು ವರ್ಷಗಳಲ್ಲಿ ಮುಂಗಡ ಕಾಯ್ದಿರಿಸುವಿಕೆ ಕಡ್ಡಾಯವಾಗಿದ್ದುದರಿಂದ ಅದನ್ನೂ ಅದೇ ಹೊತ್ತಿನಲ್ಲಿ ಖಚಿತಪಡಿಸಿಕೊಳ್ಳಿ.

ಕಾರಿನ ಟೈರುಗಳ ಗಾಳಿ, ಬದಲಿ ಚಕ್ರ, ರೇಡಿಯೇಟರಿನ ಕೂಲಂಟ್ ಇವು ಮೂರನ್ನು ಎಂಜಿನ್ ತಣ್ಣಗಿರುವಾಗ ನೋಡಿ. ಬಾಡಿಗೆ ಕಾರಾಗಿದ್ದರೆ ಕರಾರುಪತ್ರದಲ್ಲಿ ಚಾಲಕರೆಂದು ಇಬ್ಬರ ಹೆಸರೂ ಇರಲೇಬೇಕು. ಒಬ್ಬರೇ ಇಷ್ಟು ದೂರ ಓಡಿಸುವುದು ಸಲ್ಲದು. ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್, ಅದರ ಮೇಲೆ ಕಾರಿಗೆಂದು ಒಂದು ಕ್ಯಾನ್. ಮೊಬೈಲ್ ಸಂಪರ್ಕ ಸಿಗದ ಹರವುಗಳು ಮೂರು ಭೂಭಾಗಗಳಲ್ಲೂ ಇರುವುದರಿಂದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಕಾಗದದ ನಕ್ಷೆಯೊಂದನ್ನೂ ಜೊತೆಗಿಡಿ. ಬುತ್ತಿಗೆ ಚಟ್ನಿಪುಡಿ ಸವರಿದ ಚಪಾತಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಕಿತ್ತಳೆ ಸಾಕು. ಮೊಸರನ್ನವನ್ನು ಮೊದಲ ದಿನಕ್ಕೆ ಮಾತ್ರ ಇಟ್ಟುಕೊಳ್ಳಿ. ಮೈ ಬೆವರುವ ಸ್ಥಳಕ್ಕೂ ರಾತ್ರಿ ಸೊನ್ನೆಯ ಕೆಳಗಿಳಿಯುವ ಸ್ಥಳಕ್ಕೂ ಒಂದೇ ಚೀಲದಲ್ಲಿ ಬಟ್ಟೆ ಬೇಕೆಂಬುದನ್ನು ಮರೆಯಬೇಡಿ. ಇಷ್ಟಾದ ಮೇಲೆ ಮಲಗಿಬಿಡಿ, ಉತ್ಸಾಹದಲ್ಲಿ ರಾತ್ರಿಯೇ ಹೊರಡಬೇಡಿ.

ಮರುಭೂಮಿ: ಮೊದಲ ಎರಡು ದಿನ

ಬೆಳಗಿನ ಐದಕ್ಕೆ ಹೊರಟು ಅಂತರರಾಜ್ಯ ಹೆದ್ದಾರಿ 5ರಲ್ಲಿ ದಕ್ಷಿಣಕ್ಕಿಳಿದು, ಬೇಕರ್ಸ್‌ಫೀಲ್ಡ್, ಗಾಳಿಯಂತ್ರಗಳ ಟೆಹಾಚಪಿ ಬೆಟ್ಟಸಾಲು ಮತ್ತು ಮೊಹಾವಿ ಊರನ್ನು ದಾಟಿದರೆ ಮಧ್ಯಾಹ್ನದೊಳಗೆ ರಿಡ್ಜ್‌ಕ್ರೆಸ್ಟ್ ತಲುಪುತ್ತೀರಿ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದರೂ ಇಲ್ಲಿ ಪೂರ್ತಿ ತುಂಬಿಸಿ. ಉದ್ಯಾನದೊಳಗೆ ಪ್ಯಾನಮಿಂಟ್ ಸ್ಪ್ರಿಂಗ್ಸ್, ಸ್ಟೋವ್‌ಪೈಪ್ ವೆಲ್ಸ್ ಮತ್ತು ಫರ್ನೆಸ್ ಕ್ರೀಕ್‌ನಲ್ಲಿ ಬಂಕುಗಳಿವೆಯಾದರೂ ಬೆಲೆ ಬಹಳ ಹೆಚ್ಚು, ನಡುವಿನ ದೂರವೂ ಹೆಚ್ಚು. ಫಲಕಗಳಲ್ಲಿರುವುದು ಮೈಲಿಯ ಲೆಕ್ಕವೆಂಬುದು ಬೆಂಗಳೂರಿನಿಂದ ಬಂದವರ ಮನಸ್ಸಿನಲ್ಲಿ ಸದಾ ಇರಬೇಕು. ಐವತ್ತು ಎಂದು ಬರೆದಿದ್ದರೆ ಅದು ಎಂಬತ್ತು ಕಿಲೋಮೀಟರ್.

ಟ್ರೋನಾ ಊರಿನ ಮೂಲಕ ಪ್ಯಾನಮಿಂಟ್ ಕಣಿವೆಯನ್ನು ಹೊಕ್ಕ ಮೇಲೆ ಟೌನ್ ಪಾಸ್ ಎಂಬ ಏರು ಬರುತ್ತದೆ. ಸುಮಾರು 1,500 ಮೀಟರ್ ಎತ್ತರದ ಆ ನೆತ್ತಿಯಿಂದ ರಸ್ತೆ ಸಮುದ್ರಮಟ್ಟದವರೆಗೆ ಒಂದೇ ಸಮನೆ ಇಳಿಯುತ್ತದೆ. ಏರುವಾಗ ಎಂಜಿನ್ ಕಾಯುವುದನ್ನು ತಪ್ಪಿಸಲು ಹವಾನಿಯಂತ್ರಕವನ್ನು ಆರಿಸಬೇಕು. ಇಳಿಯುವಾಗ ಆಗುಂಬೆ ಘಟ್ಟ ಇಳಿಯುವವರು ಮಾಡುವಂತೆ ಗೇರನ್ನು ತಗ್ಗಿಸಿಕೊಂಡು ಎಂಜಿನ್ನಿನ ಹಿಡಿತದಲ್ಲೇ ಸಾಗಬೇಕು. ಆಟೊಮ್ಯಾಟಿಕ್ ಕಾರಿನಲ್ಲೂ ತಗ್ಗಿನ ಗೇರಿಗೆ ಹಾಕುವ ವ್ಯವಸ್ಥೆ ಇರುತ್ತದೆ, ಅದನ್ನು ಮನೆಯ ಮುಂದೆಯೇ ಕಲಿತುಕೊಂಡಿರಿ. ಬ್ರೇಕನ್ನು ಇಡೀ ಇಳಿಜಾರಿನುದ್ದಕ್ಕೂ ಒತ್ತಿ ಹಿಡಿದರೆ ಅದು ಕಾದು ಹಿಡಿತ ಬಿಡುತ್ತದೆ.

ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳನ್ನು ಸಂಜೆ ನೋಡಿ, ಝಬ್ರಿಸ್ಕಿ ಪಾಯಿಂಟ್ ಮತ್ತು ಬ್ಯಾಡ್‌ವಾಟರ್ ಉಪ್ಪಿನ ಬಯಲನ್ನು ಮರುದಿನ ಬೆಳಕು ಹರಿಯುವಾಗ ನೋಡಿ. ಕೊಠಡಿ ಸಿಗದಿದ್ದರೆ ಫರ್ನೆಸ್ ಕ್ರೀಕ್‌ನಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ, ನೆವಾಡಾ ಗಡಿಯಾಚೆ, ಬೀಟಿ ಎಂಬ ಸಣ್ಣ ಊರಿದೆ. ಬ್ಯಾಡ್‌ವಾಟರ್‌ನಲ್ಲಿ ನಿಂತು ಹಿಂದಿನ ಬಂಡೆಗೋಡೆಯತ್ತ ಕತ್ತೆತ್ತಿದರೆ ಬಹಳ ಮೇಲೆ ಸಮುದ್ರಮಟ್ಟವನ್ನು ಗುರುತಿಸುವ ಸಣ್ಣದೊಂದು ಫಲಕ ಕಾಣುತ್ತದೆ. ಅದನ್ನು ಕಂಡ ಮೇಲೆ ನಾವಿಬ್ಬರೂ ಕಾರಿನವರೆಗೆ ಮಾತಿಲ್ಲದೆ ನಡೆದೆವು. ದಾರಿಯಲ್ಲಿ ಕಾರು ಕೆಟ್ಟರೆ ಕಾರನ್ನು ಬಿಟ್ಟು ನಡೆಯಬೇಡಿ. ನೆರಳೂ ನೀರೂ ಅಲ್ಲೇ ಇವೆ, ಹುಡುಕುವವರಿಗೆ ಕಾಣುವುದೂ ಕಾರೇ. ಸಂಪರ್ಕ ಸಿಕ್ಕರೆ 911ಕ್ಕೆ ಕರೆಮಾಡಿ.

ಇಬ್ಬರ ನಡುವಿನ ಒಪ್ಪಂದವೊಂದನ್ನು ಈ ಹಂತದಲ್ಲೇ ಹೇಳಬೇಕು, ಏಕೆಂದರೆ ಗಂಡ ಹೆಂಡಿರ ಪ್ರಯಾಣ ಕೆಡುವುದು ಯಂತ್ರದಿಂದಲ್ಲ, ದಣಿವಿನ ಮಾತಿನಿಂದ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಬೇಕು. ಸ್ಟೀರಿಂಗ್ ಹಿಡಿದವರು ನಕ್ಷೆಯನ್ನಾಗಲಿ ಫೋನನ್ನಾಗಲಿ ಮುಟ್ಟಬಾರದು, ಪಕ್ಕದಲ್ಲಿ ಕೂತವರು ವೇಗದ ಬಗ್ಗೆ ಹೇಳುವುದಿದ್ದರೆ ಒಮ್ಮೆ ಹೇಳಿ ಬಿಡಬೇಕು. ಇಬ್ಬರಲ್ಲಿ ಯಾರೇ ಆಗಲಿ "ನನಗೆ ನಿದ್ದೆ ಬರುತ್ತಿದೆ" ಎಂದರೆ ಮುಂದಿನ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಬೇಕು, ಇನ್ನೊಬ್ಬರು ಕಾರಣ ಕೇಳಬಾರದು. ಈ ಕೊನೆಯ ನಿಯಮವನ್ನು ನಾವು ಮೊದಲ ಪ್ರಯಾಣದ ಬಳಿಕ ಮಾಡಿಕೊಂಡೆವು. ಅಲ್ಲಿಂದೀಚೆಗೆ ಒಂದು ಸಲವೂ ಮುರಿದಿಲ್ಲ.

ಪರ್ವತ: ಮೂರು ಮತ್ತು ನಾಲ್ಕನೆಯ ದಿನ

ಎರಡನೆಯ ದಿನದ ಸಂಜೆಗೆ ಲೋನ್ ಪೈನ್ ಊರಿನಲ್ಲಿ ತಂಗಿದರೆ, ಮರುದಿನದ ಮೊದಲ ಬಿಸಿಲಿನಲ್ಲಿ ವಿಟ್ನಿ ಶಿಖರ ಕಾಣುತ್ತದೆ. ಅಲಾಸ್ಕ ಮತ್ತು ಹವಾಯಿ ಹೊರತುಪಡಿಸಿದ ಅಮೆರಿಕದಲ್ಲಿ ಅತಿ ಎತ್ತರದ ಈ 4,421 ಮೀಟರಿನ ಶಿಖರಕ್ಕೂ ಹಿಂದಿನ ದಿನ ನಿಂತಿದ್ದ ಉಪ್ಪಿನ ಬಯಲಿಗೂ ನೇರ ದೂರ ಸುಮಾರು 136 ಕಿಲೋಮೀಟರ್ ಮಾತ್ರ. ಅಲ್ಲಿಂದ ಹೆದ್ದಾರಿ 395ರಲ್ಲಿ ಉತ್ತರಕ್ಕೆ ಹೊರಟ ಸ್ವಲ್ಪ ಹೊತ್ತಿಗೇ ಮಾಂಜನಾರ್ ಸಿಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದ ಜನರನ್ನು, ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಮುಳ್ಳುತಂತಿಯೊಳಗೆ ಇಟ್ಟ ಶಿಬಿರವಿದು. ದೇಶ ಬಿಟ್ಟು ಬಂದು ನೆಲೆಸಿದ ನಮ್ಮಂಥವರು ಇಲ್ಲಿಗೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸ್ಮಶಾನದ ಬಿಳಿಯ ಸ್ತಂಭದ ಹಿಂದೆ ಅದೇ ಪರ್ವತಗಳು ನಿಂತಿವೆ.

ಬಿಷಪ್‌ನಲ್ಲಿ ಪೆಟ್ರೋಲು ತುಂಬಿಸಿ, ಹಳದಿಗೆ ತಿರುಗಿದ ಆಸ್ಪೆನ್ ಮರಗಳನ್ನು ನೋಡುತ್ತ ಸಂಜೆಗೆ ಮೋನೊ ಸರೋವರದ ದಂಡೆಯ ಲೀ ವೈನಿಂಗ್ ಸೇರಿ. ಸರೋವರದ ತೊರೆಗಳನ್ನು 1941ರಿಂದ ಲಾಸ್ ಏಂಜಲೀಸ್ ನಗರ ತಿರುಗಿಸಿಕೊಂಡದ್ದರಿಂದ ನೀರು ಇಳಿದು, ಒಳಗಿದ್ದ ಸುಣ್ಣಕಲ್ಲಿನ ಗೋಪುರಗಳು ಬಯಲಾದವು. 1994ರಲ್ಲಿ ರಾಜ್ಯದ ಜಲಮಂಡಳಿ ಮಟ್ಟವನ್ನು ಮತ್ತೆ ಏರಿಸಬೇಕೆಂದು ಆದೇಶಿಸಿತು. ಇಲ್ಲಿ ರಾತ್ರಿ ಕಳೆಯುವುದಕ್ಕೆ ಆರೋಗ್ಯದ ಕಾರಣವೂ ಇದೆ. ಊರು ಸುಮಾರು 2,000 ಮೀಟರ್ ಎತ್ತರದಲ್ಲಿದ್ದು, ಮರುದಿನ ಏರಬೇಕಾದ ಟಯೋಗಾ ಪಾಸ್ ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೈ ಹೊಂದಿಕೊಳ್ಳಲು ಒಂದು ರಾತ್ರಿ ನೆರವಾಗುತ್ತದೆ.

ನಮ್ಮ ಮೊದಲ ಪ್ರಯಾಣ ಕೆಟ್ಟದ್ದು ಈ ಊರಿನಲ್ಲೇ. ಅಕ್ಟೋಬರ್ ಕೊನೆಯ ವಾರದಲ್ಲಿ ಬಂದಿದ್ದ ನಮಗೆ ಹಿಂದಿನ ರಾತ್ರಿಯ ಹಿಮದಿಂದ ರಸ್ತೆಯ ಗೇಟಿಗೆ ಬೀಗ ಬಿದ್ದಿರುವುದು ಅದರ ಎದುರಿಗೆ ಹೋಗಿ ನಿಂತಾಗಲೇ ಗೊತ್ತಾಯಿತು. ಉತ್ತರದ ಸೊನೋರಾ ಪಾಸ್ ಹತ್ತಿರವೆಂದು ಅತ್ತ ಓಡಿದೆವು. ಅದು ಟಯೋಗಾದಷ್ಟೇ ಬೇಗ ಮುಚ್ಚುವ ರಸ್ತೆ, ಅದೂ ಮುಚ್ಚಿತ್ತು. ಅರ್ಧ ಹಗಲು ಕಳೆದ ಮೇಲೆ, ಕತ್ತಲಲ್ಲಿ, ಹಸಿದು, ಒಬ್ಬರ ಮೇಲೊಬ್ಬರು ಸಿಡುಕುತ್ತ ಪರ್ವತ ದಾಟಿದೆವು. ಆದ್ದರಿಂದ ಗೇಟು ಮುಚ್ಚಿದ್ದರೆ ನೇರವಾಗಿ ಹೆದ್ದಾರಿ 88ರ ಕಾರ್ಸನ್ ಪಾಸ್ ಅಥವಾ ಹೆದ್ದಾರಿ 50ಕ್ಕೆ ಹೋಗಬೇಕು, ಇವೆರಡನ್ನೂ ಚಳಿಗಾಲದಲ್ಲೂ ಹಿಮ ತೆಗೆದು ತೆರೆದಿಡುತ್ತಾರೆ. ಹಿಮದ ಮುನ್ಸೂಚನೆ ಇದ್ದರೆ ಚಕ್ರಕ್ಕೆ ಕಟ್ಟುವ ಸರಪಣಿ ಕಾರಿನಲ್ಲಿರಬೇಕು. ಆ ದಿನ ಯೊಸೆಮಿಟಿಯನ್ನು ಕೈಬಿಡಿ.

ಗೇಟು ತೆರೆದಿದ್ದರೆ ಬೆಳಿಗ್ಗೆ ಎಂಟರೊಳಗೆ ಹೊರಟು, ಟ್ವಾಲಮಿ ಹುಲ್ಲುಗಾವಲು, ಟೆನಾಯಾ ಸರೋವರ ಮತ್ತು ಓಮ್‌ಸ್ಟೆಡ್ ಪಾಯಿಂಟ್‌ಗಳಲ್ಲಿ ನಿಂತು ಮಧ್ಯಾಹ್ನಕ್ಕೆ ಯೊಸೆಮಿಟಿ ಕಣಿವೆಗೆ ಇಳಿಯಿರಿ. ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ. ತಲೆನೋವು, ವಾಕರಿಕೆ ಬಂದವರನ್ನು ಮೇಲೆ ವಿಶ್ರಮಿಸಲು ಬಿಡದೆ ಕೆಳಗಿಳಿಸಿ. ಕಣಿವೆಯಲ್ಲೇ ತಂಗುವುದಾದರೆ ಕತ್ತಲಾದ ಮೇಲೆ ಬುತ್ತಿಯ ಒಂದು ಚೂರೂ ಕಾರಿನಲ್ಲಿ ಉಳಿಯಕೂಡದು, ಏಕೆಂದರೆ ಕರಡಿಗಳು ವಾಸನೆ ಹಿಡಿದು ಕಾರಿನ ಬಾಗಿಲನ್ನೇ ಕಿತ್ತುಹಾಕುತ್ತವೆ. ಆಹಾರವನ್ನು ಅಲ್ಲಿಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ಉದ್ಯಾನದ ನಿಯಮ. ಹಠಾತ್ ಬಂದವರಿಗೆ ಕಣಿವೆಯಲ್ಲಿ ಕೊಠಡಿ ಸಿಗುವುದು ಅಪರೂಪವಾದ್ದರಿಂದ ಹೆದ್ದಾರಿ 140ರಲ್ಲಿ ಇಳಿದು ಮಾರಿಪೋಸಾ ಅಥವಾ ಮರ್ಸೆಡ್‌ನಲ್ಲಿ ಉಳಿದುಕೊಳ್ಳುವುದು ಒಳ್ಳೆಯದು.

ಕಡಲು: ಕೊನೆಯ ಎರಡು ದಿನ

ಮರ್ಸೆಡ್‌ನಿಂದ ಪಚೇಕೊ ಪಾಸ್ ದಾಟಿ ಹತ್ತು ಗಂಟೆಯೊಳಗೆ ಮಾಂಟೆರೆ ತಲುಪಿ, ಅಲ್ಲಿ ಟ್ಯಾಂಕ್ ತುಂಬಿಸಿ. ಇಲ್ಲಿಂದ ಸ್ಯಾನ್ ಸಿಮಿಯನ್‌ವರೆಗಿನ ಸುಮಾರು 150 ಕಿಲೋಮೀಟರಿನಲ್ಲಿ ಬಂಕುಗಳು ವಿರಳ, ಮೊಬೈಲ್ ಸಂಪರ್ಕ ಇನ್ನೂ ವಿರಳ. ದೂರ ಕಡಿಮೆಯೆಂದು ಎರಡು ಗಂಟೆಯ ದಾರಿ ಎಂದುಕೊಳ್ಳಬೇಡಿ; ತಿರುವುಗಳಿಗೂ ನಿಲುಗಡೆಗಳಿಗೂ ಸೇರಿ ಇಡೀ ಹಗಲು ಬೇಕು. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆಯ ಬಳಿ ರಸ್ತೆಯಂಚಿಗೆ ಕಾರು ನಿಲ್ಲಿಸುವವರಿಂದ ಅಪಾಯ ಹೆಚ್ಚಾಗಿದೆ, ಜಾಗ ಇಲ್ಲದಿದ್ದರೆ ಮುಂದೆ ಸಾಗಿ. ಹಿಂದೆ ವಾಹನಗಳ ಸಾಲು ಬೆಳೆದರೆ ಪಕ್ಕದ ತಂಗುಜಾಗಕ್ಕೆ ಸರಿದು ದಾರಿ ಬಿಟ್ಟುಕೊಡುವುದು ಅಲ್ಲಿನ ರಿವಾಜು, ಕಾನೂನು ಕೂಡ. ಜೂಲಿಯಾ ಫೈಫರ್ ಬರ್ನ್ಸ್ ಉದ್ಯಾನದಲ್ಲಿ ಮೆಕ್‌ವೇ ಜಲಪಾತ ನೇರ ಮರಳಿನ ಮೇಲೆ ಬೀಳುವುದನ್ನು ಮೇಲಿನ ಕಾಲುದಾರಿಯಿಂದಲೇ ನೋಡಬೇಕು, ಕೆಳಗಿಳಿಯಲು ಅನುಮತಿಯಿಲ್ಲ. ರಾಷ್ಟ್ರೀಯ ಉದ್ಯಾನಗಳ ಪಾಸು ಈ ರಾಜ್ಯ ಉದ್ಯಾನಗಳಲ್ಲಿ ನಡೆಯುವುದಿಲ್ಲ.

ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ ತೆರೆದಿರುವಷ್ಟು ದೂರ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ. ಪೂರ್ತಿ ತೆರೆದಿದ್ದರೆ ಪಿಯೆದ್ರಾಸ್ ಬ್ಲಾಂಕಾಸ್ ದಂಡೆಯಲ್ಲಿ ಆನೆಸೀಲುಗಳು ಮರಳನ್ನು ಬೆನ್ನ ಮೇಲೆ ಎರಚಿಕೊಳ್ಳುತ್ತ ಮಲಗಿರುವುದನ್ನು ನೋಡಿ, ಸ್ಯಾನ್ ಸಿಮಿಯನ್‌ನಲ್ಲಿ ರಾತ್ರಿ ಕಳೆಯಿರಿ. ಆರನೆಯ ದಿನ ಹೆದ್ದಾರಿ 46ರಲ್ಲಿ ಪಾಸೊ ರೋಬ್ಲೆಸ್‌ಗೆ ಬಂದು, 101ರಲ್ಲಿ ಉತ್ತರಕ್ಕೆ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆ ಸಿಗುತ್ತದೆ.

ಮನೆ ಸೇರಿದ ಸಂಜೆಯೇ ಕಾರಿನ ತಳಭಾಗವನ್ನು ನೀರು ಹಾಯಿಸಿ ತೊಳೆಯಿರಿ, ಏಕೆಂದರೆ ಮರುಭೂಮಿಯ ಉಪ್ಪು ಧೂಳೂ ಕಡಲ ಉಪ್ಪೂ ಎರಡೂ ಕಬ್ಬಿಣವನ್ನು ತಿನ್ನುತ್ತವೆ. ಕಾಗದದ ನಕ್ಷೆ ಮತ್ತು ನೀರಿನ ಕ್ಯಾನನ್ನು ಡಿಕ್ಕಿಯಿಂದ ತೆಗೆಯಬೇಡಿ. ನಮ್ಮ ಕಾರಿನಲ್ಲಿ ಅವು ವರ್ಷವಿಡೀ ಅಲ್ಲೇ ಇರುತ್ತವೆ.